ಪ್ಲೇಟಿಗೆ ಹೊದಿಸಿದ ಕಂಬಳಿ

ಆ ಹಾಳೆಯನ್ನು ಕನ್ನಡಕ್ಕೆ ತಂದವಳು ನಾನೇ. ಇನ್ನೊಬ್ಬರ ಮೇಲೆ ಹೊರಿಸಿ ಹಗುರಾಗೋಣವೆಂದು ಎಷ್ಟೋ ಸಲ ಹುಡುಕಿದ್ದೇನೆ. ಯಾರೂ ಸಿಕ್ಕಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಹಾಸನದ ಬಸ್ ನಿಲ್ದಾಣದ ಹತ್ತಿರ, ಒಂದು ಮಹಡಿಯ ಮೇಲೆ, ಹಳ್ಳಿ ಮನೆಗಳಿಗೆ ಸೋಲಾರ್ ದೀಪ ಹಾಕಿಕೊಡುವ ಸಣ್ಣ ಸಂಸ್ಥೆಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಊರುಗಳಲ್ಲಿ ಕರೆಂಟು ನೆಂಟರ ಹಾಗೆ ಬಂದು ಹೋಗುತ್ತಿದ್ದ ಕಾಲ. ಮನೆಯ ಮೇಲೊಂದು ಪ್ಲೇಟು, ಒಳಗೊಂದು ಬ್ಯಾಟರಿ, ಎರಡು ಗಿಡ್ಡ ಟ್ಯೂಬ್‌ಲೈಟು. ಪ್ಯಾನಲ್ ಅನ್ನುವ ಮಾತು ಆಫೀಸಿನ ಕಾಗದದಲ್ಲಿ ಮಾತ್ರ ಇತ್ತು, ಊರವರ ಬಾಯಲ್ಲಿ ಅದು ಪ್ಲೇಟು. ವೈರಿಂಗ್‌ನವರು ಅದನ್ನು ಕೂರಿಸಿ ಇಳಿದ ಮೇಲೆ ನನ್ನ ಸರದಿ. ಮನೆಯ ಹೆಂಗಸರನ್ನು ಕೂರಿಸಿಕೊಂಡು ಬ್ಯಾಟರಿಗೆ ಯಾವಾಗ ನೀರು ಹಾಕಬೇಕು, ಪ್ಲೇಟಿನ ಧೂಳು ಹೇಗೆ ಒರೆಸಬೇಕು, ಯಾವುದನ್ನು ಮುಟ್ಟಬಾರದು ಎಂದು ಹೇಳಿಕೊಡಬೇಕು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಬಸ್ ಕಂಡಕ್ಟರುಗಳಿಗೆಲ್ಲ ನಾನು ‘ಲೈಟ್ ಮೇಡಮ್ಮು’. ಇಪ್ಪತ್ತೆರಡನೇ ವಯಸ್ಸಿಗೇ ಮೇಡಮ್ಮು ಅನ್ನಿಸಿಕೊಂಡರೆ ಕಾಲು ನೆಲದ ಮೇಲೆ ಎಲ್ಲಿ ನಿಲ್ಲುತ್ತದೆ? ನನ್ನದಂತೂ ನಿಲ್ಲಲಿಲ್ಲ.

ಒಂದು ಬೇಸಿಗೆ, ಮ್ಯಾನೇಜರು ಇಂಗ್ಲಿಷಿನ ಹಾಳೆಗಳ ಒಂದು ಕಟ್ಟು ತಂದು ನನ್ನ ಮೇಜಿನ ಮೇಲಿಟ್ಟರು. ಬೇಸಿಗೆ ಬಂದರೆ ಕಾಡಿಗೆ ಕಾಡೇ ಹೊತ್ತಿ ಬೆಂಕಿ ಮನೆಗಳ ತನಕ ಬರುವಂಥ ಯಾವುದೋ ದೇಶದಲ್ಲಿ ಬರೆದದ್ದು. ಸೋಲಾರ್ ಪ್ಲೇಟು ಇರುವ ಮನೆಯವರು ಬೆಂಕಿಯ ಕಾಲದಲ್ಲಿ ಏನೇನು ಮಾಡಬೇಕು ಎಂಬ ನಿಯಮಗಳು.

“ನಮ್ಮಲ್ಲಿ ಕಾಡೆಲ್ಲಿದೆ ಸಾರ್?” ಅಂದೆ.

“ಕಾವಲು ಇದೆಯಲ್ಲಮ್ಮ,” ಅಂದರು.

ಅವರು ಹೇಳಿದ್ದು ಸರಿಯೇ. ಊರಾಚೆಯ ಹುಲ್ಲುಗಾವಲಿಗೆ ನಮ್ಮ ಕಡೆ ಕಾವಲು ಎನ್ನುತ್ತಾರೆ. ಸಂಕ್ರಾಂತಿ ಕಳೆಯುವ ಹೊತ್ತಿಗೆ ಅಲ್ಲಿಯ ಹುಲ್ಲು ಒಣಗಿ ಮೊಳಕಾಲುದ್ದ ನಿಂತಿರುತ್ತದೆ. ಶಿವರಾತ್ರಿಯ ಆಚೆ ಈಚೆ ಯಾರೋ ಅದಕ್ಕೆ ಬೆಂಕಿ ಇಡುತ್ತಾರೆ. ಹಳೇ ಹುಲ್ಲು ಸುಟ್ಟರೆ ಮೊದಲ ಮಳೆಗೆ ಎಳೇ ಹುಲ್ಲು ಚಿಗುರುತ್ತದೆ, ದನಕ್ಕೆ ಮೇವಾಗುತ್ತದೆ. ಇದು ಅಜ್ಜಂದಿರ ಕಾಲದಿಂದ ನಡೆದುಬಂದದ್ದು. ಇಟ್ಟವರಾರು ಎಂದು ಕೇಳಿದರೆ ಮಾತ್ರ ಇಡೀ ಊರಿಗೆ ಒಂದೇ ಉತ್ತರ, “ಯಾರೋ ಬೀಡಿ ಎಸ್ದವ್ರೆ.” ಗಾಳಿ ತಿರುಗಿದ ವರ್ಷ ಆ ಬೀಡಿ ಹುಲ್ಲಿನ ಮೆದೆಗಳನ್ನೂ ನುಂಗುತ್ತಿತ್ತು.

ಹಾಳೆಯಲ್ಲಿ ಬಹಳ ಇತ್ತು. ಒಂದು ಕೈಯ ಬೆರಳಿಗೆ ಸರಿಹೋಗಲಿ ಎಂದು ನಾನು ಐದು ಆರಿಸಿದೆ. ಪ್ಲೇಟಿನ ಕೆಳಗೆ ತರಗೆಲೆ, ಹಕ್ಕಿಗೂಡು ಇರಬಾರದು. ಪ್ಲೇಟಿಗೂ ಹೆಂಚಿಗೂ ನಡುವೆ ಇರುವ ಗೇಣು ಜಾಗದಲ್ಲಿ ಏನನ್ನೂ ತುರುಕಬಾರದು. ಮನೆಯ ಸುತ್ತ ಮೂವತ್ತು ಹೆಜ್ಜೆ ಒಣಹುಲ್ಲು ಇಲ್ಲದಂತೆ ಗುಡಿಸಿಟ್ಟಿರಬೇಕು. ಬೆಂಕಿ ಕಂಡ ಕೂಡಲೇ ಬ್ಯಾಟರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿ ಹೊರಗೆ ನಡೆಯಬೇಕು. ಐದನೆಯದು, ಬೆಂಕಿ ಬಿದ್ದಾಗ ಯಾವ ಕಾರಣಕ್ಕೂ ಮನೆಯ ಮೇಲೆ ಹತ್ತಬಾರದು. ಬಿಸಿಲಿರುವ ತನಕ ಪ್ಲೇಟಿನಲ್ಲಿ ಕರೆಂಟು ಹುಟ್ಟುತ್ತಲೇ ಇರುತ್ತದೆ, ಅದರ ಮೇಲೆ ದಪ್ಪ ಬಟ್ಟೆ ಮುಚ್ಚಿ ನಿಲ್ಲಿಸುವುದು ಬೆಂಕಿ ಆರಿಸಲು ಬರುವ ಇಲಾಖೆಯವರ ಕೆಲಸ, ಮನೆಯವರದಲ್ಲ.

ಇದನ್ನು ಮೊದಲು ಓದಿದ್ದು ಅರಕಲಗೂಡಿನ ಕಡೆಯ ಒಂದು ಹಳ್ಳಿಯಲ್ಲಿ. ನಾಲ್ಕನೇ ನಿಯಮದ ತನಕ ಹೆಂಗಸರು ತಲೆದೂಗಿದರು. ಐದನೆಯದಕ್ಕೆ ಮೂಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದ ಒಬ್ಬಾಕೆ ಮುಖ ಎತ್ತಿದಳು.

“ಮನೆ ಮ್ಯಾಕೆ ಓಗ್ಬಾರ್ದಾ? ಅಂಗಾರೆ ಮಳೆಗೆ ಮುಂಚೆ ಹೆಂಚು ಕೈಯಾಡ್ಸಾಕೆ ಇವರಪ್ಪ ಬತ್ತಾನಾ?”

ನಾಡಹೆಂಚಿನ ಮನೆಗಳಲ್ಲಿ ವರ್ಷಕ್ಕೊಮ್ಮೆ ಮೇಲೆ ಹತ್ತಿ, ಸರಿದ ಹೆಂಚು ಕೂರಿಸಿ, ಒಡೆದದ್ದನ್ನು ಬದಲಿಸಬೇಕು. ಅದನ್ನೇ ಕೈಯಾಡಿಸುವುದು ಎನ್ನುವುದು. ಮನೆ ಹತ್ತದ ಸಂಸಾರವೇ ಅಲ್ಲಿರಲಿಲ್ಲ. ಬೆಂಕಿಯ ಮಾತು ಬೇರೆ, ಹೆಂಚಿನ ಮಾತು ಬೇರೆ ಎಂದು ನಾನು ಬಿಡಿಸಿ ಹೇಳಬಹುದಿತ್ತು. ಅಷ್ಟರಲ್ಲಿ ಇನ್ನೊಬ್ಬಾಕೆ, “ಬೆಂಕಿ ಬಿದ್ರೆ ಪ್ಯಾಟೆಯಿಂದ ಗಾಡಿ ಬರಗಂಟ ಕೈಕಟ್ಕಂಡು ಕೂರಾನ ಬುಡ್ರಮ್ಮ,” ಅಂದಳು. ಜಗಲಿ ತುಂಬ ನಗು.

ನಾನು ಹಸಿವು ತಡೆಯುತ್ತೇನೆ, ಬೈಗುಳ ತಡೆಯುತ್ತೇನೆ. ನನ್ನನ್ನು ನೋಡಿ ನಕ್ಕರೆ ಮಾತ್ರ ತಡೆಯಲಾರೆ. ವಾಪಸು ಬಸ್ಸಿನಲ್ಲಿ ಕೂತು ಆ ಸಾಲನ್ನು ಹೊಡೆದುಹಾಕಿದೆ. ಅದರ ಜಾಗದಲ್ಲಿ ಬರೆದೆ: ಬೆಂಕಿ ಹತ್ತಿರ ಬಂದರೆ ಪ್ಲೇಟಿನ ಮೇಲೆ ಕಂಬಳಿ ಹೊದಿಸಿ.

ಮುಂದಿನ ಊರಿನಲ್ಲಿ ಯಾರೂ ನಗಲಿಲ್ಲ. ಕಂಬಳಿ ಎಂದ ಕೂಡಲೇ ಮುಂದೆ ಸರಿದು ಕೂತರು. ನಾನೂ ಉಬ್ಬಿದೆ. “ಪ್ಲೇಟಿಗೆ ಮುಸುಕು ಹಾಕಿದರೆ ಕರೆಂಟು ಸತ್ತುಹೋಗುತ್ತೆ, ಇಲ್ಲದಿದ್ದರೆ ಅದೇ ಕರೆಂಟು ಅಟ್ಟಕ್ಕೆ ಬೆಂಕಿ ಇಳಿಸುತ್ತೆ,” ಎಂದು ಕೈ ಆಡಿಸಿ ಹೇಳಿದೆ. ಅಟ್ಟದ ಮಾತು ಯಾವ ಹಾಳೆಯಲ್ಲೂ ಇರಲಿಲ್ಲ. ಒಗ್ಗರಣೆ ನನ್ನದು. ಮುಂದಿನ ತಿಂಗಳು ಅಚ್ಚಾಗಿ ಬಂದ ಕನ್ನಡದ ಹಾಳೆಯಲ್ಲಿ ಐದನೇ ನಿಯಮ ಕಂಬಳಿಯದೇ ಆಗಿತ್ತು. ಮ್ಯಾನೇಜರು ಓದಿ, ಚೆನ್ನಾಗಿದೆ ಅಂದರು.

ನನ್ನ ಅಕ್ಕ ಇದ್ದದ್ದು ಹಿರೀಸಾವೆಯಿಂದ ಒಳಗೆ ಹೋಗಬೇಕಾದ ಒಂದು ಹಳ್ಳಿಯಲ್ಲಿ. ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಅಮ್ಮ ಕೂಲಿಗೆ ಹೋಗುತ್ತಿದ್ದದ್ದರಿಂದ, ನನ್ನನ್ನು ಎತ್ತಿಕೊಳ್ಳುವುದಕ್ಕೆಂದು ಅಕ್ಕನ ಸ್ಕೂಲು ಮೂರನೇ ಕ್ಲಾಸಿಗೇ ಬಿಡಿಸಿದ್ದರು. ಅವಳ ಓದು ನನ್ನ ಕಾಲಿಗೆ ತೊಡರಿ ನಿಂತಿತು, ನನ್ನ ಓದು ಅವಳ ಸೊಂಟದ ಮೇಲೆ ಕೂತು ಶುರುವಾಯಿತು. ಚಿಕ್ಕಂದಿನಲ್ಲಿ ನನಗೊಂದು ಕೆಟ್ಟ ಬುದ್ಧಿ. ಕಾಲಿಗೆ ಮುಳ್ಳು ಚುಚ್ಚಿದರೂ ಹೇಳದೆ ಇಡೀ ದಿನ ಕುಂಟಿಕೊಂಡು ತಿರುಗಿ, ಸಂಜೆ ಬಾತುಕೊಂಡ ಮೇಲೆ ಅಳುತ್ತಾ ಅಕ್ಕನ ಮುಂದೆ ಕಾಲು ಚಾಚುತ್ತಿದ್ದೆ. ಅವಳು ಬೈಯುತ್ತಿರಲಿಲ್ಲ. ಪಿನ್ನಿನಿಂದ ಮುಳ್ಳು ಕೆದಕುತ್ತಾ, “ಮೊದ್ಲೇ ಯೋಳ್ಬಾರ್ದಿತ್ತೇನೆ,” ಅನ್ನುತ್ತಿದ್ದಳು. ಅಷ್ಟೇ.

ಅವಳ ಮನೆ ಊರಿನ ಕೊನೆಯದು, ಹಿತ್ತಲಿನಾಚೆ ಕಾವಲು. ಆ ಕಡೆ ಎಲ್ಲರ ಮನೆಯ ಹಾಗೆ ಹೆಂಚಿನ ಕೆಳಗೆ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ಸಿಪ್ಪೆ ಸಮೇತ ಹೆಚ್ಚುಕಡಿಮೆ ಒಂದು ವರ್ಷ ಹಾಗೇ ಬಿಟ್ಟರೆ ಒಳಗಿನ ನೀರು ಇಂಗಿ ಕಾಯಿ ಕೊಬ್ಬರಿಯಾಗುತ್ತದೆ. ಕಿಡಿ ಬಿದ್ದರೆ ಮುಗಿಯಿತು. ಭಾವನಿಗೆ ಎತ್ತರಕ್ಕೆ ಹತ್ತಿದರೆ ತಲೆ ಸುತ್ತು. ಆದ್ದರಿಂದ ಪ್ರತಿ ಬೇಸಿಗೆ ಹೆಂಚು ಕೈಯಾಡಿಸುತ್ತಿದ್ದವಳು ಅಕ್ಕ. ಭಾವ ಕೆಳಗೆ ಏಣಿ ಹಿಡಿದು ನಿಂತು, “ಉಷಾರು, ಉಷಾರು,” ಅನ್ನುತ್ತಿದ್ದರು. “ಉಷಾರು ಅನ್ನಾಕೂ ಒಬ್ಬ ಗಂಡ ಬೇಕಲ್ಲವ್ವ,” ಎಂದು ಅವಳು ಮೇಲಿನಿಂದ ನಗುತ್ತಿದ್ದಳು.

ನಾನೇ ಹಟ ಹಿಡಿದು ಅವರ ಮನೆಗೆ ಪ್ಲೇಟು ಹಾಕಿಸಿದೆ. ದೀಪ ಹತ್ತಿದ ದಿನ ಅಕ್ಕ ಸ್ವಿಚ್ಚನ್ನು ಒತ್ತಿ, ಆರಿಸಿ, ಮತ್ತೆ ಒತ್ತಿ, “ನನ್ ತಂಗಿ ಲೈಟು ಕಣ್ರೋ,” ಎಂದು ಬೀದಿಗೆಲ್ಲ ಕೇಳುವಂತೆ ಸಾರಿದಳು. ಕಲಿತ ಅಕ್ಷರವೂ ಮರೆತು ಓದಲು ಬಾರದವಳು ಐದು ನಿಯಮವನ್ನೂ ಒಂದೇ ಸಲಕ್ಕೆ ಬಾಯಿಪಾಠ ಮಾಡಿದಳು. ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಮಡಿಸುತ್ತಾ ಹೆಬ್ಬೆರಳಿಗೆ ಬರುವಳು. ಹೆಬ್ಬೆರಳು ಎಂದರೆ ಕಂಬಳಿ. ಎಂಟು ದಿನದಲ್ಲಿ ಆ ಊರಿಗೆ ಅವಳೇ ಮೇಡಮ್ಮು. ಪ್ಲೇಟು ಹಾಕಿಸಿಕೊಂಡ ಬೇರೆ ಮನೆಯವರನ್ನೂ ಹಿಡಿದು ನಿಲ್ಲಿಸಿ ನಿಯಮ ಒಪ್ಪಿಸಿಕೊಳ್ಳುತ್ತಿದ್ದಳು. ಹಿತ್ತಲಿನಿಂದ ಕಾವಲಿನ ಕಡೆಗೆ ತನ್ನ ಹೆಜ್ಜೆಯಲ್ಲೇ ಮೂವತ್ತು ಎಣಿಸಿ, ಅಷ್ಟು ನೆಲವನ್ನು ದಿನಾ ಗುಡಿಸುತ್ತಿದ್ದಳು. “ಕಾವಲನ್ನೂ ಗುಡ್ಸಿ ರಂಗೋಲಿ ಬುಡ್ತೀಯೇನಕ್ಕ?” ಎಂದು ಓರಗಿತ್ತಿಯರು ಆಡಿಕೊಂಡರೂ ಬಿಡಲಿಲ್ಲ. ನಗುವವರು ನಕ್ಕರೆ ಅವಳಿಗೇನೂ ಆಗುತ್ತಿರಲಿಲ್ಲ. ಆ ವಿದ್ಯೆಯನ್ನು ಅವಳು ನನಗೆ ಕಲಿಸಲಿಲ್ಲ, ಅಥವಾ ನಾನು ಕಲಿಯಲಿಲ್ಲ.

ಮಾರನೇ ವರ್ಷ ಶಿವರಾತ್ರಿ ಕಳೆದ ವಾರ ಕಾವಲಿಗೆ ಬೆಂಕಿ ಬಿತ್ತು. ಮಟಮಟ ಮಧ್ಯಾಹ್ನ. ಭಾವ ಸಂತೆಗೆ ಹೋಗಿದ್ದರು. ಗಾಳಿ ಊರಿನ ಕಡೆ ತಿರುಗಿತು. ಮುಂದಿನದನ್ನು ನನಗೆ ಹೇಳಿದವಳು ಎದುರು ಮನೆಯ ಅಜ್ಜಿ.

“ನಾವೆಲ್ಲ ದನ ಬಿಚ್ಕಂಡು ಕೆರೆ ಕಡೀಕೆ ಓಡ್ತಿದ್ವಿ ಕಣವ್ವ. ನಿಮ್ಮಕ್ಕನೂ ದನ ಬಿಚ್ಚಿ ನನ್ ಕೈಗೆ ಅಗ್ಗ ಕೊಟ್ಲು. ಬಾರೇ ಅಂದೆ. ಐದ್ನೇದು ಆಗಿಲ್ಲ ಅಜ್ಜಿ, ನೀ ನಡಿ, ಬತ್ತೀನಿ ಅಂದ್ಳು.”

ನಾಲ್ಕು ನಿಯಮ ಆಗಿತ್ತು, ಐದನೆಯದು ಆಗಿರಲಿಲ್ಲ. ಉಳಿದದ್ದು ಆಮೇಲೆ ಅಕ್ಕನೇ ಹೇಳಿದ್ದು. ಕಂಬಳಿ ಹೊತ್ತಿಕೊಂಡೀತು ಎಂದು ತನ್ನದೇ ಬುದ್ಧಿಯಿಂದ ದನದ ನೀರಿನ ಬಾನಿಯಲ್ಲಿ ಅದ್ದಿ ಹೆಗಲಿಗೆ ಹಾಕಿಕೊಂಡಳಂತೆ. ಒದ್ದೆ ಕಂಬಳಿಯ ಭಾರ ಎತ್ತಿದವರಿಗೇ ಗೊತ್ತು. ಏಣಿ ಹಿಡಿಯುವವರಿಲ್ಲ, ಕಣ್ಣಿಗೆ ಹೊಗೆ. ಆದರೂ ಹತ್ತಿದಳು, ಪ್ಲೇಟಿಗೆ ಹೊದಿಸಿದಳು, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಹೆಂಚಿನ ಚೂರು ಹೇರಿದಳು. ಇಳಿಯುವಾಗ, ಕಂಬಳಿಯಿಂದ ಸೋರಿದ ನೀರಿನ ಮೇಲೆ ಕಾಲಿಟ್ಟಳು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದಳು.

ಯಾರದೋ ಲಗೇಜ್ ಆಟೋದಲ್ಲಿ ಹಾಸನಕ್ಕೆ ತಂದರು. ನಾನು ಆಸ್ಪತ್ರೆಗೆ ಓಡಿದಾಗ ಅವಳಿಗೆ ಎಚ್ಚರವಿತ್ತು. ನನ್ನನ್ನು ನೋಡಿ ಅವಳು ಹೇಳಿದ ಮೊದಲ ಮಾತು, “ಮುಚ್ದೆ ಕಣೆ. ಮುಚ್ಚೇ ಇಳ್ದಿದ್ದು.”

“ಒಳ್ಳೇ ಕೆಲ್ಸ ಮಾಡ್ದೆ ಅಕ್ಕ,” ಅಂದೆ. ನಿಜವಾಗಿಯೂ ಹಾಗೆಂದೇ ತಿಳಿದಿದ್ದೆ.

ಬೆನ್ನುಮೂಳೆ ಮುರಿದಿತ್ತು. ಸೊಂಟದಿಂದ ಕೆಳಗೆ ಸ್ವಾಧೀನ ಬರುವುದಿಲ್ಲ ಎಂದರು. ನನ್ನನ್ನು ಹೊತ್ತ ಸೊಂಟ.

ಅವಳ ಸೀರೆಗಳನ್ನು ತರಲು ಊರಿಗೆ ಹೋದಾಗ ಹಿತ್ತಲಿಗೆ ಹೋಗಿ ನಿಂತೆ. ಕಾವಲು ಪೂರ್ತಿ ಕಪ್ಪಾಗಿತ್ತು. ಆ ಕಪ್ಪು ಒಂದು ಕಡೆ ಗೆರೆ ಎಳೆದಂತೆ ನಿಂತಿತ್ತು. ನಾನು ಹೆಜ್ಜೆ ಹಾಕಿ ಎಣಿಸಿದೆ. ಅಕ್ಕನ ಪೊರಕೆ ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿಗೇ ಬೆಂಕಿ ನಿಂತಿತ್ತು, ಅಲ್ಲಿಂದ ಈಚೆಗೆ ಒಂದು ಕಡ್ಡಿಯೂ ಸುಟ್ಟಿರಲಿಲ್ಲ. ಮೇಲಿಂದ ಇಳಿಸಿದ ಕಂಬಳಿಯನ್ನು ತಂತಿಗೆ ಹಾಕಿದ್ದರು. ಅದರಲ್ಲಿ ಕಿಡಿ ಬಿದ್ದ ತೂತು ಹುಡುಕಿದೆ. ಒಂದೂ ಇರಲಿಲ್ಲ. ಅದರ ಅರ್ಥವೇನೆಂದು ಕೇಳಿಕೊಳ್ಳದೆ ಒಳಗೆ ಹೋಗಿ ಸೀರೆಗಳನ್ನು ಗಂಟು ಕಟ್ಟಿದೆ.

ಅಕ್ಕನ ಮಂಚವನ್ನು ಜಗಲಿಗೆ ತಂದರು. ನೋಡಲು ಬಂದವರಿಗೆಲ್ಲ ಅವಳು ಮಲಗಿದಲ್ಲಿಂದಲೇ ಐದು ಬೆರಳು ಮಡಿಸಿ ತೋರಿಸುತ್ತಿದ್ದಳು. “ಕಾಲೋದ್ರೂ ಮನೆ ಉಳೀತಲ್ಲವ್ವ, ಅಟ್ಟ ತುಂಬ ಕಾಯಿ ಇತ್ತು,” ಅನ್ನುತ್ತಿದ್ದಳು. ಭಾವ ಅವಳನ್ನು ಮಗ್ಗುಲಾಗಿಸುವುದು, ತೊಳೆಯುವುದು, ತಲೆ ಬಾಚುವುದು ಎಲ್ಲ ಕಲಿತರು. ಒಂದು ದಿನವೂ ನನ್ನ ಮೇಲೆ ಮಾತೆತ್ತಲಿಲ್ಲ. ಎತ್ತಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

ಅದರ ಮರುವರ್ಷ ಆಫೀಸಿನವರು ಒಂದು ವಾರದ ತರಬೇತಿಗೆ ಕಳಿಸಿದರು. ಪಾಠ ಮಾಡುತ್ತಿದ್ದ ಎಂಜಿನಿಯರು ತಾಳ್ಮೆಯ ಮನುಷ್ಯ. ಟೀ ಹೊತ್ತಿನಲ್ಲಿ ಕೇಳಿದೆ, ಬೆಂಕಿ ಬಂದರೆ ನಮ್ಮ ಪ್ಲೇಟಿನ ಮೇಲೆ ಏನಾದರೂ ಮುಚ್ಚಬೇಕಲ್ಲವೇ ಸಾರ್, ಅಂತ.

“ಒಂದೇ ಒಂದು ಪ್ಲೇಟಿಗಾ?” ಎಂದು ನಕ್ಕರು. “ಅದರ ಕರೆಂಟು ಎಷ್ಟಮ್ಮ, ಯಾರಿಗೇನು ಮಾಡುತ್ತೆ? ಮುಚ್ಚುವ ಮಾತೆಲ್ಲ ಛಾವಣಿ ತುಂಬ ಪ್ಲೇಟು ಜೋಡಿಸಿರುವ ಕಡೆಗೆ, ಅದೂ ಬೆಂಕಿ ಆರಿಸುವವರಿಗೆ. ಮನೆಯವರಿಗೆ ಹೇಳಬೇಕಾದ್ದು ಸ್ವಿಚ್ಚು ಆರಿಸಿ ಹೊರಗೆ ಹೋಗಿ, ಮೇಲೆ ಮಾತ್ರ ಹತ್ತಬೇಡಿ ಅಂತ. ಹೇಳಿದ್ದೀರಿ ತಾನೆ?”

“ಹೇಳಿದ್ದೀವಿ ಸಾರ್,” ಅಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡಿದ ಮಾತೂ ಹೋಗಿತ್ತು, ಆಡದೆ ನುಂಗಿದ ಮಾತೂ ಹೋಗಿತ್ತು. ಹಾಸನಕ್ಕೆ ಬಂದು ಬಾಯಿ ಹೊಲಿದುಕೊಂಡು ಕೂತೆ. ಅಕ್ಕನಿಗೆ ಹೇಗೆ ಹೇಳುವುದು? ಅವಳ ಹತ್ತಿರ ಉಳಿದಿದ್ದದ್ದು ಅದೊಂದೇ: ಮನೆ ಉಳಿಸಿದೆ ಅನ್ನುವುದು. ಅದನ್ನೂ ಕಿತ್ತುಕೊಳ್ಳಲೇ? ಹೀಗೆ ಅವಳ ನೆಪ ಹೇಳಿಕೊಂಡು ನನ್ನ ಹೇಡಿತನ ಸಾಕುತ್ತಾ ಹಲವು ತಿಂಗಳು ಕಳೆದೆ.

ಹೊಳೆನರಸೀಪುರದ ಕಡೆಯ ಒಂದು ಮನೆಯಲ್ಲಿ ಅದಕ್ಕೆ ಕೊನೆ ಬಂತು. ಬ್ಯಾಟರಿ ನೋಡಲು ಹೋಗಿದ್ದೆ. ಆ ಮನೆಯ ಸೊಸೆ ತುಂಬು ಬಸುರಿ. ಹಿತ್ತಲಿಗೆ ಕರೆದುಕೊಂಡು ಹೋಗಿ, ಗೋಡೆಗೆ ಒರಗಿಸಿದ್ದ ಏಣಿಯನ್ನೂ, ಅದರ ಮೆಟ್ಟಿಲಿಗೆ ಮಡಿಸಿ ಹಾಕಿದ್ದ ಕರೀ ಕಂಬಳಿಯನ್ನೂ ತೋರಿಸಿದಳು.

“ನೀವ್ ಯೋಳ್ದಂಗೆ ರೆಡಿ ಮಡಗಿವ್ನಿ ಮೇಡಮ್ಮ. ಹಿರೀಸಾವೆ ತಾವ ಒಬ್ಳು ಅಕ್ಕ ಇಂಗೇ ಮಾಡಿ ಮನೆ ಉಳಿಸ್ಕಂಡ್ಳಂತಲ್ಲ!”

ನಾನು ಆ ಕಂಬಳಿ ಎಳೆದು ನೆಲಕ್ಕೆ ಬಿಸಾಕಿದೆ. ಹತ್ತಬೇಡ, ಹತ್ತಬೇಡ ಎಂದು ಕಿರುಚಿದೆನಂತೆ. ಅವಳ ಅತ್ತೆ ಓಡಿಬಂದು ನೀರು ಕುಡಿಸಿದರು.

ಅಂದಿನಿಂದ ಮೂರು ತಾಲ್ಲೂಕಿನಲ್ಲೂ ನಾನು ಹಾಳೆ ಕೊಟ್ಟಿದ್ದ ಮನೆಗಳಿಗೆಲ್ಲ ಮತ್ತೆ ಹೋದೆ. ಮ್ಯಾನೇಜರಿಗೆ ಎಲ್ಲ ಹೇಳಿ, ಅಚ್ಚಾಗಿದ್ದ ಹಾಳೆಗಳನ್ನು ಹರಿದುಹಾಕಿಸಿದೆ. ತಪ್ಪು ನನ್ನದು ಎಂದು ಜಗಲಿ ಜಗಲಿಯಲ್ಲೂ ಹೇಳಿದೆ. ಕೆಲವರು ನಕ್ಕರು. ನಗಲಿ ಅನ್ನಿಸಿತು. ಅಕ್ಕನ ಊರನ್ನು ಮಾತ್ರ ಕೊನೆಗೆ ಇಟ್ಟುಕೊಂಡೆ. ಬೇರೆ ಯಾರಾದರೂ ಹೇಳುವುದಕ್ಕೆ ಮೊದಲು ನಾನೇ ಹೇಳಬೇಕಿತ್ತು.

ಮಂಚದ ಅಂಚಿನಲ್ಲಿ ಕೂತು, ಬಹಳ ಹೊತ್ತು ಅವಳ ಕೂದಲಿನ ಸಿಕ್ಕು ಬಿಡಿಸಿದೆ. ಆಮೇಲೆ ಹೇಳಿದೆ. ಕಂಬಳಿಯ ನಿಯಮ ತಪ್ಪು, ಆ ಪುಟ್ಟ ಪ್ಲೇಟಿನಿಂದ ಏನೂ ಆಗುತ್ತಿರಲಿಲ್ಲ ಎಂದೆ. ಅವಳು ಸೂರು ನೋಡುತ್ತಾ ಕೇಳಿಸಿಕೊಂಡಳು. ಸಮಾಧಾನವಾಗಲೆಂದು ನಾನು ಉಳಿದದ್ದನ್ನೂ ಹೇಳಿದೆ.

“ಮನೆ ಉಳಿಸ್ದೋಳು ನೀನೇ ಅಕ್ಕ. ಕಂಬಳಿಯಿಂದ ಅಲ್ಲ, ಪೊರಕೆಯಿಂದ. ನೀ ಗುಡ್ಸಿದ್ದ ತಾವೇ ಬೆಂಕಿ ನಿಂತೋಗಿತ್ತು. ಮನೆ ಆಗ್ಲೇ ಉಳಿದಿತ್ತು.”

“ಅಂಗಾರೆ ನಾನ್ಯಾಕೆ ಮ್ಯಾಕೋದೆ?” ಅಂದಳು.

“ನಾನು ಯೋಳಿದ್ದಕ್ಕೆ.”

ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಮೈ ತಿರುಗುವಂತಿರಲಿಲ್ಲ, ಕುತ್ತಿಗೆಯೊಂದೇ ತಿರುಗಿತು. ಅವತ್ತು ರಾತ್ರಿ ಭಾವ ಮುದ್ದೆ ಮುರಿದು ಬಾಯಿಗೆ ಹಿಡಿದರೆ ಬಾಯಿ ತೆರೆಯಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ಕೂತು ಅತ್ತೆ. ಬೀದಿಯವರಿಗೆ ಕೇಳಿದರೆ ಕೇಳಲಿ ಎಂದು ಅತ್ತೆ.

ಮಾರನೇ ಬೆಳಿಗ್ಗೆ ಬಸ್ಸಿಗೆ ಹೊರಟು ನಿಂತಿದ್ದೆ. ಜಗಲಿಯಿಂದ ಕರೆದಳು. ಹೋಗಿ ಹತ್ತಿರ ಕೂತೆ. ಬಲಗೈ ಎತ್ತಿ ಕಿರುಬೆರಳು ಮಡಿಸಿದಳು.

“ಪ್ಲೇಟಿನ ಕೆಳೀಕೆ ತರಗಿರ್ಬಾರ್ದು.”

“ಊಂ.”

“ಸಂದಿಗೆ ಏನೂ ತುರುಕ್ಬಾರ್ದು. ಮೂವತ್ತು ಹೆಜ್ಜೆ ಗುಡ್ಸಿರ್ಬೇಕು. ಸಿಚ್ಚು ಆರ್ಸಿ ದನ ಬಿಚ್ಕಂಡು ಆಚೆಗೋಗ್ಬೇಕು.” ನಾಲ್ಕು ಬೆರಳು ಮಡಿಸಿ ಆಗಿತ್ತು. ನಿಂತಿದ್ದ ಹೆಬ್ಬೆರಳನ್ನು ನೋಡುತ್ತಾ ಕೇಳಿದಳು, “ಇದುಕ್ಕೀಗ ಏನು?”

“ಬೆಂಕಿ ಬಿದ್ದಾಗ ಮನೆ ಮ್ಯಾಕೆ ಓಗ್ಬಾರ್ದು.”

ಅವಳು ಅದನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡಳು. ಹೆಬ್ಬೆರಳನ್ನು ಮಡಿಸಿದಳು. ಮುಷ್ಟಿಯನ್ನು ಹಾಗೇ ಎದೆಯ ಮೇಲೆ ಇಟ್ಟುಕೊಂಡು ನನ್ನ ಕಡೆ ನೋಡಿದಳು.

“ಇದು ಈಗ ಒಸದಾಗಿ ಬಂದದ್ದಾ, ಇಲ್ಲಾ ಆವತ್ತೇ ಇತ್ತಾ?”

ಸುಳ್ಳು ಹೇಳುವುದು ಎಷ್ಟು ಸುಲಭವಿತ್ತು. ಎಂಜಿನಿಯರಿಗೆ ಹೇಳಿದ್ದೆನಲ್ಲ.

“ಆವತ್ತೇ ಇತ್ತು ಅಕ್ಕ.”

ಅವಳು ಮುಷ್ಟಿ ಬಿಚ್ಚಿ ಕೈಯನ್ನು ನನ್ನ ಮೊಣಕಾಲಿನ ಮೇಲೆ ಇಟ್ಟಳು.

“ಮೊದ್ಲೇ ಯೋಳ್ಬಾರ್ದಿತ್ತೇನೆ,” ಅಂದಳು.